ಸಿಟಿಜನ್ ಅಂದರೆ ಅರವತ್ತು ದಾಟಿದವರು

ಅಲೆನ್
ಫೆಬ್ರವರಿ 9, 2025

ಅಣ್ಣನಿಗೆ ಶಾರದೆಯ ನಮಸ್ಕಾರ.

ಕ್ಷೇಮ ಅಂತ ಬರೆಯಲು ಈ ಸಲ ಕೈ ಬರುತ್ತಿಲ್ಲ. ಹಾಗಂತ ಗಾಬರಿಯಾಗಬೇಡ, ಮೈಗೇನೂ ಆಗಿಲ್ಲ. ನಿನಗೆ ಫೋನಿನಲ್ಲಿ ಕಿವಿ ಕೇಳದೆ ನಾವಿಬ್ಬರೂ ತಿಂಗಳಿಗೊಂದು ಕಾಗದ ಬರೆದುಕೊಳ್ಳುವುದನ್ನು ನೋಡಿ ಮನೆಯವರೆಲ್ಲ ನಗುತ್ತಾರಲ್ಲ, ಇವತ್ತು ಅದೇ ಒಳ್ಳೆಯದಾಯಿತು. ಫೋನಾಗಿದ್ದರೆ ನಿನಗೆ ಕೇಳುವ ಹಾಗೆ ಕೂಗಿ ಹೇಳಬೇಕಿತ್ತು, ಅಷ್ಟರಲ್ಲಿ ಮಗ ಸುಹಾಸನಿಗೂ ಸೊಸೆ ನಿಶಿತಾಗೂ ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಈ ಕಾಗದವನ್ನು ಕುಮುದಾ ಅತ್ತಿಗೆಗೆ ಬಿಟ್ಟು ಬೇರೆ ಯಾರಿಗೂ ತೋರಿಸಬೇಡ.

ಹೋದ ಭಾನುವಾರ ಸುಹಾಸ್ ನನ್ನ ಸಿಟಿಜನ್‌ಶಿಪ್ ಅರ್ಜಿ ತುಂಬಲು ಕೂತ. ನಾನು ಗ್ರೀನ್ ಕಾರ್ಡಿನಲ್ಲಿ ಬಂದು ಐದು ವರ್ಷ ಮುಗಿಯಿತಲ್ಲ, ಟಿವಿಯಲ್ಲಿ ವಲಸೆ ಬಂದವರ ಬಗ್ಗೆ ಬರುವ ಸುದ್ದಿ ನೋಡಿ ಮಗನಿಗೆ ಅವಸರ. ಅವನು ಪ್ರಶ್ನೆ ಓದುವುದು, ನಾನು ಉತ್ತರ ಹೇಳುವುದು, ಅವನು ಟೈಪ್ ಮಾಡುವುದು. ಒಂದು ಕಡೆ ಉದ್ದದ ಪಟ್ಟಿ ಬಂತು. ಯಾರನ್ನಾದರೂ ಹಿಂಸಿಸಿದ್ದೀರಾ, ಸೈನ್ಯ ಬಿಟ್ಟು ಓಡಿಹೋಗಿದ್ದೀರಾ, ಕುಡಿತದ ಚಟ ಇದೆಯಾ. ಅವನು ನಗುತ್ತಾ ಎಲ್ಲದಕ್ಕೂ ನೋ, ನೋ ಅಂತ ಒತ್ತುತ್ತಿದ್ದ. ಅದರ ನಡುವೆ, ಈ ದೇಶದ ಯಾವುದಾದರೂ ಚುನಾವಣೆಗೆ ಹೆಸರು ಬರೆಸಿದ್ದೀರಾ, ಓಟು ಹಾಕಿದ್ದೀರಾ ಅಂತ ಇತ್ತು. ನಾನು ಬಾಯಿ ತೆರೆಯುವುದರೊಳಗೆ ಅದಕ್ಕೂ ನೋ ಒತ್ತಿ ಮುಂದಕ್ಕೆ ಹೋದ.

ಅಣ್ಣ, ನಾನು ಹಾಕಿದ್ದೇನೆ.

ಹೋದ ವರ್ಷ ಮಾರ್ಚಿನಲ್ಲಿ ದಿನಸಿ ಅಂಗಡಿಯ ಮುಂದೆ ಇಬ್ಬರು ಹುಡುಗಿಯರು ಮೇಜು ಹಾಕಿಕೊಂಡು ಓಟರ್ ಲಿಸ್ಟಿಗೆ ಹೆಸರು ಸೇರಿಸುತ್ತಿದ್ದರು. ನಿನಗೆ ಗೊತ್ತಲ್ಲ, ಹುಣಸೂರಿನಲ್ಲಿ ಇಪ್ಪತ್ತಾರು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದವಳು ನಾನು. ಮೇಜು, ಪಟ್ಟಿ, ಪೆನ್ನು ಕಂಡರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಒಬ್ಬಳು ಫಾರಂ ಇಟ್ಟುಕೊಂಡು ಕೇಳಿದಳು: "ಸಿಟಿಜನ್, ಆಂಟಿ?" ನಾನು "ಯೆಸ್ ಯೆಸ್, ಅರವತ್ತೆಂಟು" ಅಂದೆ. ಅವಳು ನಕ್ಕು ಗುರುತು ಹಾಕಿದಳು, ನಾನು ಸಹಿ ಹಾಕಿದೆ.

ನಗಬೇಡ. ಮೈಸೂರು ಬಸ್ಸಿನಲ್ಲಿ ಕಂಡಕ್ಟರು "ಸಿಟಿಜನ್ನಾ ಅಮ್ಮ?" ಅಂತಲೇ ಕೇಳುತ್ತಿದ್ದ. ಬ್ಯಾಂಕಿನಲ್ಲಿ ಸಿಟಿಜನ್ ಸಾಲು ಬೇರೆ, ನಮ್ಮ ಬೂತಿನಲ್ಲೂ ಬೇರೆ. ನಮ್ಮ ಬಾಯಲ್ಲಿ ಸಿಟಿಜನ್ ಅಂದರೆ ಅರವತ್ತು ದಾಟಿದವರು. ಸಿಟಿಜನ್‌ಶಿಪ್ ಅಂದರೆ ಪಾಸ್‌ಪೋರ್ಟಿನ ವಿಷಯ. ಇವೆರಡೂ ಒಂದೇ ಮಾತು ಅಂತ ನನಗೆ ಯಾವತ್ತೂ ಹೊಳೆಯಲಿಲ್ಲ. ಪೌರ ಎಂದರೆ ಯಾರು ಅಂತ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಕನ್ನಡದಲ್ಲಿ ಹೇಳಿದೆ.

ಮೇ ತಿಂಗಳಲ್ಲಿ ಶಾಲಾ ಮಂಡಳಿಯ ಎಲೆಕ್ಷನ್ ಬಂತು. ಮೊಮ್ಮಗಳ ಶಾಲೆ, ಇಶಾಳನ್ನು ದಿನಾ ನಾನೇ ಬಿಟ್ಟು ಕರೆದುಕೊಂಡು ಬರುವ ಶಾಲೆ. ಊರಿನ ಶಾಲೆಗೆ ಊರಿನಲ್ಲಿ ಇರುವವರೆಲ್ಲ ಓಟು ಹಾಕುತ್ತಾರೆ ಅಂದುಕೊಂಡೆ. ಹೋಗಿ ಹಾಕಿ ಬಂದೆ. ನವೆಂಬರಿನಲ್ಲಿ ಪ್ರೆಸಿಡೆಂಟ್ ಎಲೆಕ್ಷನ್ನಿಗೆ ಹೋಗಲಿಲ್ಲ, ಅದು ದೇಶದ ವಿಷಯ, ನನ್ನದಲ್ಲ ಅಂತ ಅಷ್ಟು ಬುದ್ಧಿ ಇತ್ತು.

ಈಗ ಇಂಟರ್‌ನೆಟ್ಟಿನಲ್ಲಿ ಓದಿದೆ. ಇದಕ್ಕೆ ಗಡೀಪಾರು ಮಾಡಬಹುದಂತೆ. ಹುಣಸೂರಿನ ಮನೆ ಮಾರಿ ಬಂದಿದ್ದೇನೆ, ಅಲ್ಲಿ ನನ್ನದು ಅಂತ ಒಂದು ಬಾಗಿಲೂ ಇಲ್ಲ. ಇಶಾಳನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ? ಸುಹಾಸ್ ಅರ್ಜಿಯ ಪ್ರಿಂಟು ತೆಗೆದು ಮೇಜಿನ ಮೇಲಿಟ್ಟಿದ್ದಾನೆ. ನನ್ನ ಸಹಿಯೊಂದು ಬಾಕಿ. ಏನು ಮಾಡಲಿ, ಬೇಗ ಬರೆ.

ನಿನ್ನ ತಂಗಿ
ಶಾರದಾ

*

ಕ್ಲಿಯರ್ ಲೇಕ್
ಫೆಬ್ರವರಿ 17, 2025

ಪ್ರಿಯ ಶಾರದಾ,

ನಿನ್ನ ಕಾಗದ ಗುರುವಾರ ಬಂತು. ಉತ್ತರವಾಗಿ ಎರಡು ಹಾಳೆ ಬರೆದೆ, ಎರಡೂ ಬೈಗುಳವಾದವು, ಹರಿದು ಹಾಕಿದೆ. ಕುಮುದಾ ಓದಿ, "ಅವಳು ಮೊದ್ಲೇ ಹೆದ್ರಿದಾಳೆ, ನೀವು ಇನ್‌ಸ್ಪೆಕ್ಟರ್ ಆಗ್ಬೇಡಿ, ಅಣ್ಣ ಆಗಿ" ಅಂದಳು. ಪ್ರಯತ್ನಿಸುತ್ತೇನೆ.

ನಾನು ಮೂವತ್ತೊಂದು ವರ್ಷ ಇಲ್ಲಿ ಬಾಹ್ಯಾಕಾಶ ಕೇಂದ್ರಕ್ಕೆ ಹೋಗುವ ವಾಲ್ವ್‌ಗಳನ್ನು ಪರೀಕ್ಷಿಸಿ ಸಹಿ ಹಾಕುತ್ತಿದ್ದೆ. ವಾಲ್ವಿನಲ್ಲಿ ದೋಷ ಇದ್ದರೆ ಅದು ದೋಷ ಅಷ್ಟೇ, ಸರಿಮಾಡಬಹುದು. ದೋಷ ಗೊತ್ತಿದ್ದೂ ಸಹಿ ಹಾಕಿದರೆ ಅದು ಮೋಸ. ನೀನು ಓಟು ಹಾಕಿದ್ದು ದೋಷ. ಸುಹಾಸ್ ಒತ್ತಿದ ಆ ನೋ ಕೆಳಗೆ ಸಹಿ ಹಾಕಿದರೆ ಮೋಸ. ಆದ್ದರಿಂದ ಸಹಿ ಹಾಕಬೇಡ. ಸುಹಾಸನಿಗೆ ಹೇಳು, ಇಬ್ಬರೂ ಒಳ್ಳೆಯ ವಕೀಲರನ್ನು ನೋಡಿ. ನೀನು ಸುಳ್ಳುಗಾರ್ತಿಯಲ್ಲ, ಈ ವಯಸ್ಸಿನಲ್ಲಿ ಆಗುವುದೂ ಬೇಡ.

ಇನ್ನೊಂದು ವಿಷಯ. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಮೇಲು. ನಮ್ಮ ರಾಜಧಾನಿ ಆಸ್ಟಿನ್ನಿನಲ್ಲಿ ರಾಜ್ಯದ ಶಾಸನಸಭೆಯ ಮುಂದೆ ಒಂದು ತಿದ್ದುಪಡಿ ಬಂದಿದೆ. ನಗರಸಭೆ, ಶಾಲಾ ಮಂಡಳಿ, ಯಾವ ಚುನಾವಣೆಯಾದರೂ ಈ ರಾಜ್ಯದಲ್ಲಿ ನಾಗರಿಕರಲ್ಲದವರು ಓಟು ಹಾಕುವಂತಿಲ್ಲ ಅಂತ ರಾಜ್ಯದ ಸಂವಿಧಾನದಲ್ಲೇ ಬರೆಯುವುದು. ಬೇರೆ ರಾಜ್ಯಗಳ ಕೆಲವು ಊರುಗಳಲ್ಲಿ ಸ್ಥಳೀಯ ಚುನಾವಣೆಗೆ ಎಲ್ಲರಿಗೂ ಬಿಟ್ಟಿದ್ದಾರೆ, ಇಲ್ಲಿ ಹಾಗಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಇದು ನಿನ್ನ ಕಾಗದ ಬರುವ ಮೊದಲಿನಿಂದ ಇರುವ ಅಭಿಪ್ರಾಯ. ಪ್ರಮಾಣ ವಚನ ತೆಗೆದುಕೊಂಡು ಹಳೆಯ ಪಾಸ್‌ಪೋರ್ಟು ಒಪ್ಪಿಸಿ ಬಂದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಕೊಟ್ಟು ಪಡೆದದ್ದು ಈ ಓಟು. ಅದನ್ನು ವಿಚಾರಿಸುವ ಶಾಸಕರ ಸಮಿತಿಯ ಮುಂದೆ ಜನ ಹೋಗಿ ಮಾತಾಡಬಹುದು. ನಾನು ಹೋಗುತ್ತಿದ್ದೇನೆ.

ನಿನ್ನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಅದನ್ನು ನಾನು ಹೇಳಬೇಕಾಗಿಯೂ ಇರಲಿಲ್ಲ.

ನಿನ್ನ ಅಣ್ಣ
ನಂದಕುಮಾರ್

*

ಅಲೆನ್
ಮಾರ್ಚ್ 4, 2025

ಅಣ್ಣ,

ಸುಹಾಸನಿಗೆ ಇನ್ನೂ ಹೇಳಿಲ್ಲ. ಸಹಿಯನ್ನೂ ಹಾಕಿಲ್ಲ. ಮೊದಲ ವಾರ ಕನ್ನಡಕ ಸಿಗಲಿಲ್ಲ ಅಂದೆ. ಎರಡನೇ ವಾರ ಗ್ರಹಗತಿ ಸರಿಯಿಲ್ಲ ಅಂದೆ. ಹುಟ್ಟಿದಾರಭ್ಯ ಪಂಚಾಂಗ ಮುಟ್ಟದವಳು ನಾನು, ಪಾಪ ನಿಶಿತಾ ಅದನ್ನು ನಂಬಿ ನವಗ್ರಹ ಪೂಜೆಗೆ ದೇವಸ್ಥಾನದಲ್ಲಿ ಹೆಸರು ಬರೆಸಿ ಬಂದಳು. ನಿನ್ನೆ ಸುಹಾಸ್ ಸ್ವಲ್ಪ ರೇಗಿದ. "ಎಲ್ಲಾರೂ ಸಿಗ್ಲಿ ಅಂತ ಒದ್ದಾಡ್ತಾರೆ, ನೀನು ನೋಡಿದ್ರೆ" ಅಂತ ಅರ್ಧಕ್ಕೇ ನಿಲ್ಲಿಸಿದ.

ಯಾಕೆ ಹೇಳಿಲ್ಲ ಅಂತ ನಿನಗೆ ಅರ್ಥವಾಗುತ್ತಾ? ಹೇಳಿದರೆ ಅವನು ಬೈಯುವುದಿಲ್ಲ. ಪರವಾಗಿಲ್ಲಮ್ಮ, ಯಾರಿಗೂ ಗೊತ್ತಾಗಲ್ಲ, ಸಹಿ ಹಾಕು ಅನ್ನುತ್ತಾನೆ. ಆಮೇಲೆ ಆ ಸುಳ್ಳು ನನ್ನೊಬ್ಬಳದಾಗಿ ಉಳಿಯುವುದಿಲ್ಲ, ಅವನದೂ ಆಗುತ್ತದೆ. ಅವನಿಗೆ ಹೆಂಡತಿ ಇದ್ದಾಳೆ, ಮಗು ಇದೆ, ನೌಕರಿ ಇದೆ.

ನಮ್ಮ ಬಡಾವಣೆಯಲ್ಲಿ ಟಪಾಲು ಪೆಟ್ಟಿಗೆಗಳು ಬೀದಿಯ ಕೊನೆಯಲ್ಲಿ ಒಟ್ಟಿಗಿವೆ ಅಂತ ಹೇಳಿದ್ದೆನಲ್ಲ. ಈಗ ದಿನಾ ಹನ್ನೊಂದು ಗಂಟೆಗೆ ನಾನೇ ಕೀಲಿ ತೆಗೆದುಕೊಂಡು ಹೋಗುತ್ತೇನೆ. ಸರ್ಕಾರದವರು ಕಳಿಸುವಂಥ ಕಿಟಕಿಯಿರುವ ಲಕೋಟೆ ಕಂಡರೆ ನಿಂತಲ್ಲಿಯೇ ಒಡೆದು ನೋಡುತ್ತೇನೆ. ಮೊನ್ನೆ ಬಂದದ್ದು ಹಲ್ಲಿನ ಡಾಕ್ಟರರ ಜಾಹೀರಾತು. ಅದನ್ನು ಹಿಡಿದುಕೊಂಡು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಶಾಲೆಯ ಗೇಟಿನಲ್ಲಿ ಪೊಲೀಸಿನವನು ಎಂದಿನಂತೆ ಗುಡ್ ಮಾರ್ನಿಂಗ್ ಅಂದರೂ ಅವನಿಗೇನೋ ಗೊತ್ತಾಗಿದೆ ಅನ್ನಿಸುತ್ತದೆ. ಇಶಾ ನಿನ್ನೆ, "ಅಜ್ಜೀ, ವೈ ಆರ್ ಯು ಹೋಲ್ಡಿಂಗ್ ಮೈ ಹ್ಯಾಂಡ್ ಸೋ ಟೈಟ್?" ಅಂದಳು.

ಈಗ ನಿನ್ನ ಆಸ್ಟಿನ್ ವಿಷಯ. ನಿನ್ನ ಅಭಿಪ್ರಾಯ ನಿನಗಿರಲಿ. ಆದರೆ ಒಂದು ಕೇಳುತ್ತೇನೆ. ನಾನು ಓಟು ಹಾಕಿದ್ದು ಶಾಲೆಯ ಲೈಬ್ರರಿ ಮುಚ್ಚಬಾರದು ಅಂದವರಿಗೆ. ಆ ಲೈಬ್ರರಿಯಲ್ಲಿ ವಾರಕ್ಕೆರಡು ದಿನ ಪುಸ್ತಕ ಜೋಡಿಸುವವಳು ನಾನು. ಅಲ್ಲಿಗೆ ಒಂದು ದಿನವೂ ಕಾಲಿಡದ ಎದುರು ಮನೆಯವನು ಹಾಕಬಹುದು, ನಾನು ಹಾಕಬಾರದು. ಕಾನೂನು ಹಾಗಿದೆ, ಒಪ್ಪಿದೆ, ತಪ್ಪು ನನ್ನದೇ. ಆದರೆ ಅದು ಬೇರೆ ಥರ ಇರಬಹುದಾಗಿತ್ತು ಅಂತ ವಾದಿಸುವವರು ಕಳ್ಳರಲ್ಲ. ಸಂಕ್ರಾಂತಿಯ ದಿನ ಹ್ಯೂಸ್ಟನ್ ಕನ್ನಡ ಸಂಘದಲ್ಲಿ ಮೈಕು ಹಿಡಿದು, "ಹಾಗೆ ಓಟು ಹಾಕೋರನ್ನ ಗಂಟುಮೂಟೆ ಕಟ್ಟಿಸಿ ಕಳಿಸ್ಬೇಕು" ಅಂದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನಿಶಿತಾಳ ಗೆಳತಿ ವಿಡಿಯೊ ಕಳಿಸಿದ್ದಳು, ನಾನೂ ನೋಡಿದೆ. ನನ್ನ ಗಂಟುಮೂಟೆ ಅಂದರೆ ಎರಡು ಸೂಟ್‌ಕೇಸು, ಅಣ್ಣ.

ಆಸ್ಟಿನ್ನಿಗೆ ಹೋಗಬೇಡ. ಇದನ್ನು ನಾನು ಬೇಡುತ್ತಿದ್ದೇನೆ.

ಶಾರದಾ

*

ಕ್ಲಿಯರ್ ಲೇಕ್
ಮಾರ್ಚ್ 12, 2025

ಶಾರದಾ,

ಸಂಕ್ರಾಂತಿಯ ದಿನ ನನಗೆ ನಿನ್ನ ವಿಷಯ ಗೊತ್ತಿರಲಿಲ್ಲ.

ಆಸ್ಟಿನ್ನಿಗೆ ಹೋಗುತ್ತೇನೆ. ನನ್ನ ತಂಗಿ ತಪ್ಪು ಮಾಡಿದಳು ಅಂತ ನನ್ನ ಅಭಿಪ್ರಾಯ ಬದಲಾದರೆ ಅದು ಅಭಿಪ್ರಾಯವೇ ಅಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಸುಹಾಸನಿಗೆ ಹೇಳು. ಸಹಿ ಹಾಕಬೇಡ.

ಎಂ. ನಂದಕುಮಾರ್

*

ಆಸ್ಟಿನ್
ಮಾರ್ಚ್ 26, 2025, ಬೆಳಿಗ್ಗೆ

ಶಾರದಾ,

ಮೊಮ್ಮಗಳು ಮೇಧಾಳ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಯೂನಿವರ್ಸಿಟಿಗೆ ಹೋದಳು. ಕುಮುದಾ ಕಾಫಿ ಕೊಟ್ಟು ಆಚೆ ಕೂತಿದ್ದಾಳೆ. ಹೋದ ಕಾಗದದ ಕೆಳಗೆ ಇನಿಶಿಯಲ್ಲು ಹಾಕಿ ಪೂರ್ತಿ ಹೆಸರು ಬರೆದಿದ್ದೆ. ತಂಗಿಗೆ ಹಾಗೆ ಬರೆಯಬಾರದಿತ್ತು. ಪೋಸ್ಟಿಗೆ ಹಾಕಿದ ಮೇಲೆ ಹೊಳೆಯಿತು.

ನಿನ್ನೆಯದನ್ನು ಕ್ರಮವಾಗಿ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಹೆಸರು ಕೊಟ್ಟೆವು. ಹೇಳುವುದೆಲ್ಲ ಸತ್ಯ ಅಂತ ಮೊದಲೇ ಬರೆದುಕೊಡಬೇಕು, ಕೊಟ್ಟೆ. ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ಒಬ್ಬೊಬ್ಬರಿಗೆ ಎರಡೇ ನಿಮಿಷ. ನನಗಿಂತ ಮುಂಚೆ ಒಬ್ಬ ತಾಯಿ ಮಾತಾಡಿದಳು, ಗ್ರೀನ್ ಕಾರ್ಡಿನವಳು. ಮಕ್ಕಳ ಶಾಲೆಗೆ ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ, ಆ ಶಾಲೆಯ ಬಗ್ಗೆ ಹೇಳಲು ನನಗೊಂದು ಓಟಿನ ಚೀಟಿ ಕೊಡಿ ಅಂದಳು. ನೀನು ಬರೆದದ್ದನ್ನೇ ಯಾರೋ ಇಂಗ್ಲಿಷಿನಲ್ಲಿ ಓದಿದ ಹಾಗಿತ್ತು. ನಾನು ಕಿವಿಯ ಯಂತ್ರದ ಸದ್ದು ಕಡಿಮೆ ಮಾಡಿದೆ. ಆಮೇಲೆ ನಾಚಿಕೆಯಾಗಿ ಮತ್ತೆ ಹೆಚ್ಚಿಸಿದೆ.

ನಾನು ಬರೆದುಕೊಂಡು ಹೋದದ್ದನ್ನು ಓದಿದೆ. ಪ್ರಮಾಣ ವಚನ, ಪಾಸ್‌ಪೋರ್ಟು, ಎಲ್ಲ. ಚೆನ್ನಾಗಿಯೇ ಓದಿದೆ. ಎದ್ದು ಹೊರಡುವಾಗ ಸಮಿತಿಯ ಸದಸ್ಯೆಯೊಬ್ಬರು ತಡೆದರು. "ಸರ್, ನಾಗರಿಕರಲ್ಲದೆ ಈ ರಾಜ್ಯದಲ್ಲಿ ಓಟು ಹಾಕಿದ ಒಬ್ಬರಾದರೂ ನಿಮಗೆ ಸ್ವತಃ ಗೊತ್ತಾ?"

ಪೂರ್ತಿ ಕೇಳಿಸಿತು. ಆದರೂ ಕಿವಿಗೆ ಕೈ ಇಟ್ಟು ಇನ್ನೊಮ್ಮೆ ಕೇಳಿ ಅಂದೆ. ಆಕೆ ಎರಡನೇ ಸಲ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಕೇಳಿದರು. ನಾನು "ಇಲ್ಲ ಮ್ಯಾಮ್" ಅಂದೆ.

"ಹಾಗಾದರೆ ಒಂದು ದಿನವೂ ನೋಡದ ವಿಷಯಕ್ಕೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೀರಿ" ಅಂದರು ಆಕೆ. ಹಿಂದೆ ಕೂತವರು ನಕ್ಕರು. ನನ್ನ ಹಾಗೆ ತಿದ್ದುಪಡಿ ಬೇಕು ಅನ್ನುವವರು ತಲೆ ತಗ್ಗಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ನಿಜವಾದ ಉದಾಹರಣೆ. ಅದು ಆ ಸಭಾಂಗಣದಲ್ಲಿ ಇದ್ದದ್ದು ನನ್ನೊಬ್ಬನ ಹತ್ತಿರ.

ನಾನು ಸುಳ್ಳು ಹೇಳಿದೆ, ಶಾರದಾ. ಬರೆದುಕೊಟ್ಟು ಸುಳ್ಳು ಹೇಳಿದೆ. ಯೋಚನೆ ಮಾಡಿ ಹೇಳಿದ್ದಲ್ಲ. ಆಕೆ ಕೇಳಿದಾಗ ನಿನ್ನ ಮುಖ ಕಣ್ಣ ಮುಂದೆ ಬಂತು, ಬಾಯಿ ತಾನಾಗಿ ಇಲ್ಲ ಅಂದಿತು. ದೋಷ, ಮೋಸ ಅಂತ ನಿನಗೆ ದೊಡ್ಡ ಪಾಠ ಹೇಳಿದೆನಲ್ಲ, ಆ ಹಾಳೆಯನ್ನು ಹರಿದು ಹಾಕು. ಸುಹಾಸ್ ತುಂಬಿದ ಹಾಗೇ ಸಹಿ ಹಾಕಿಬಿಡು. ಯಾರಿಗೂ ಗೊತ್ತಾಗುವುದಿಲ್ಲ. ನೀನು ಇಲ್ಲೇ ಇರಬೇಕು, ನನಗೆ ಬೇಕಾಗಿರುವುದು ಅಷ್ಟೇ. ನಾವು ಒಡಹುಟ್ಟಿದವರು ಉಳಿದಿರುವುದು ಇಬ್ಬರೇ.

ಅಣ್ಣ

*

ಅಲೆನ್
ಮಾರ್ಚ್ 26, 2025

ಅಣ್ಣ,

ನಿನ್ನೆ ಆಸ್ಟಿನ್ನಿನಲ್ಲಿ ಹೇಗಾಯಿತೋ ಗೊತ್ತಿಲ್ಲ. ಇಲ್ಲಿ ಆದದ್ದನ್ನು ಹೇಳುತ್ತೇನೆ. ಸುಹಾಸನಿಗೆ ಹೇಳಿಬಿಟ್ಟೆ.

ನಿನ್ನೆ ಅವನಿಗೆ ಮನೆಯಿಂದಲೇ ಕೆಲಸ. ಇಶಾಳನ್ನು ಕರೆತರಲು ಇಬ್ಬರೂ ಕಾರಿನಲ್ಲಿ ಹೋದೆವು. ಶಾಲೆಯ ಮುಂದೆ ಕಾರುಗಳ ಸಾಲು, ಇಂಚಿಂಚೇ ಮುಂದೆ ಹೋಗುತ್ತಿತ್ತು. ಇಶಾ ಬಂದು ಕೂತರೆ ಇವತ್ತೂ ಹೇಳಲಾರೆ ಅನ್ನಿಸಿ ಹೇಳಿದೆ. ಅಂಗಡಿ ಮುಂದಿನ ಮೇಜಿನಿಂದ ಹಿಡಿದು ಎಲ್ಲವನ್ನೂ. ಮುಂದಿನ ಕಾರು ಹೋಗಿ ಜಾಗ ಬಿಟ್ಟರೂ ಅವನು ಕಾರು ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಈ ಊರಿನಲ್ಲಿ ಹಾರ್ನ್ ಕೇಳಿದ್ದು ಅದೇ ಮೊದಲು.

"ಸಿಟಿಜನ್ ಅಂದ್ರೆ ಸೀನಿಯರ್ ಸಿಟಿಜನ್ ಅಂದ್ಕೊಂಡ್ಯಾ?" ಅಂತ ಕೇಳಿ ನಕ್ಕ. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ನಾನು ಮೊದಲೇ ಹೇಳಿದ್ದೆನಲ್ಲ, ಆಮೇಲೆ ಅವನು ಹೇಳಿದ್ದು ಅದನ್ನೇ: "ಇರ್ಲಿ ಬಿಡಮ್ಮ. ನೋ ಅಂತ್ಲೇ ಇರ್ಲಿ. ಯಾರಿಗೆ ಗೊತ್ತಾಗತ್ತೆ?"

ನಾನು ಆಗಲ್ಲ ಅಂದೆ. ಹೇಗೆ ಧೈರ್ಯ ಬಂತು ಅಂತ ಕೇಳಿದರೆ, ನಿನ್ನಿಂದ ಬಂತು. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನೀನು ಬರೆದ ಆ ಎರಡು ಮಾತು, ದೋಷ ಬೇರೆ ಮೋಸ ಬೇರೆ ಅಂದದ್ದು, ತಲೆಯಲ್ಲಿ ಕೂತುಬಿಟ್ಟಿತ್ತು. ನಂದಣ್ಣ ತಮಾಷೆಗೂ ಸುಳ್ಳು ಹೇಳುವವನಲ್ಲ, ಅವನ ತಂಗಿ ಅರ್ಜಿಯಲ್ಲಿ ಹೇಳುವುದು ಬೇಡ ಅಂದೆ ಸುಹಾಸನಿಗೆ. ಮನೆಗೆ ಬಂದು ಅವನ ಎದುರಿಗೇ ಆ ನೋ ಹೊಡೆದು ಹಾಕಿ ಯೆಸ್ ಮಾಡಿದೆ. ನಿಶಿತಾ ನೋಡುತ್ತಾ ನಿಂತಿದ್ದಳು. ಮುಗಿದ ಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟಳು. ಅರ್ಜಿ ಕಳಿಸುವ ಮೊದಲು ವಕೀಲರನ್ನು ನೋಡಲೇಬೇಕು ಅಂತ ಇಬ್ಬರೂ ಹಟ ಹಿಡಿದಿದ್ದಾರೆ.

ಭಯ ಹೋಗಿಲ್ಲ. ಇನ್ನೂ ಹೆಚ್ಚಾಗಿದೆ. ಆದರೆ ಒಬ್ಬಳೇ ಹೊತ್ತುಕೊಂಡಿದ್ದು ಇಳಿಯಿತು. ಆಸ್ಟಿನ್ನಿನಲ್ಲಿ ನೀನು ಏನೇ ಹೇಳಿದ್ದರೂ ನಾನು ಮುನಿಸಿಕೊಂಡಿಲ್ಲ. ನಂಬಿದ್ದನ್ನು ಹೇಳಿದ್ದೀಯ.

ನಿನ್ನ
ಶಾರದಾ

*

ಅಲೆನ್
ಏಪ್ರಿಲ್ 9, 2025

ಅಣ್ಣ,

ನಿನ್ನ ಆಸ್ಟಿನ್ ಕಾಗದ ಬಂದು ಹತ್ತು ದಿನವಾಯಿತು. ನನ್ನದೂ ನಿನಗೆ ತಲುಪಿರಬೇಕು. ಎರಡೂ ದಾರಿಯಲ್ಲಿ ಎಲ್ಲೋ ಒಂದರ ಪಕ್ಕ ಒಂದು ಹಾದುಹೋಗಿವೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ನನಗೋಸ್ಕರ ನೀನು ಅಷ್ಟು ಜನರ ಮುಂದೆ ಹಾಗೆ ನಿಂತೆಯಲ್ಲ ಅಂತ ಅಳು, ಯಾಕಾದರೂ ಹಾಗೆ ಹೇಳಿದೆ ಅಂತ ಸಿಟ್ಟು, ಎರಡೂ ಒಟ್ಟಿಗೆ ಬಂತು.

ಮೊನ್ನೆ ಡಲ್ಲಾಸಿನಲ್ಲಿ ವಕೀಲೆಯನ್ನು ನೋಡಿದೆವು. ಗಟ್ಟಿ ಹೆಂಗಸು, ಸುತ್ತಿ ಬಳಸಿ ಮಾತಾಡುವುದಿಲ್ಲ. ಅರ್ಜಿ ಸದ್ಯಕ್ಕೆ ಬೇಡವೇ ಬೇಡ ಅಂದರು. ಮೊದಲು ಓಟರ್ ಲಿಸ್ಟಿನಿಂದ ಹೆಸರು ತೆಗೆಸಬೇಕು. ತೆಗೆಸಿದರೆ ವಿಷಯ ತಾನಾಗಿ ಹೊರಗೆ ಬರುತ್ತದೆ. ಸುಮ್ಮನಿದ್ದರೂ ಪಟ್ಟಿಗಳನ್ನು ತಾಳೆ ಹಾಕಿ ನೋಡುವ ಕಾಲ ಬಂದಿದೆ, ಒಂದಲ್ಲ ಒಂದು ದಿನ ವಿಚಾರಣೆಗೆ ಕರೆ ಬಂದೇ ಬರುತ್ತದೆ. ಆಗ ನಾನು ಬೇಕೆಂದು ಮಾಡಿದ್ದಲ್ಲ, ಆ ಮಾತಿನ ಅರ್ಥ ತಿಳಿಯದೆ ಮಾಡಿದ್ದು ಅಂತ ತೋರಿಸಬೇಕು. ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಸಿಕ್ಕಿಬಿದ್ದ ಮೇಲೆ ಎಲ್ಲರೂ ಹಾಗೇ ಅನ್ನುತ್ತಾರೆ. ಆ ದಿನಗಳಲ್ಲಿ ಯಾರಿಗಾದರೂ ಹೇಳಿದ್ದಿರಾ, ಎಲ್ಲಾದರೂ ಬರೆದಿದ್ದಿರಾ ಅಂತ ಕೇಳಿದರು.

ಕೇಳಿದ ತಕ್ಷಣ ನೆನಪಾಯಿತು. ಓಟು ಹಾಕಿ ಬಂದ ವಾರ ನಿನಗೆ ಕಾಗದ ಬರೆದಿದ್ದೆ. ನೀನು ಯಾವುದನ್ನೂ ಎಸೆಯುವವನಲ್ಲ.

ವಕೀಲೆಗೆ ಇಲ್ಲ ಅಂದೆ.

ಯಾಕೆ ಅಂತ ನೀನು ಕೇಳಬೇಕಾಗಿಲ್ಲ. ಆ ಕಾಗದ ಹೊರಗೆ ತೆಗೆದರೆ ಅದರ ಜೊತೆ ನೀನೂ ಬರಬೇಕು. ಯಾರಿಗೆ ಬರೆದದ್ದು, ಅವರಿಗೆ ಯಾವಾಗ ಗೊತ್ತಾಯಿತು ಅಂತ ಕೇಳುತ್ತಾರೆ. ನೀನು ಆಸ್ಟಿನ್ನಿನಲ್ಲಿ ಇಲ್ಲ ಮ್ಯಾಮ್ ಅಂದದ್ದು ರೆಕಾರ್ಡ್ ಆಗಿದೆ, ಯಾರು ಬೇಕಾದರೂ ನೋಡಬಹುದು. ನಿಶಿತಾ ನೋಡಿದ್ದಾಳೆ. ಎಪ್ಪತ್ತಾರರ ವಯಸ್ಸಿನಲ್ಲಿ ನಿನ್ನನ್ನು ಸುಳ್ಳು ಸಾಕ್ಷಿ ಅನ್ನಿಸುವುದು ನನಗೆ ಬೇಡ. ಆ ಕಾಗದ ಸಿಕ್ಕಿದರೆ ಒಲೆಗೆ ಹಾಕು. ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆ. ಇಶಾಳ ವರ್ಷದ ಪರೀಕ್ಷೆ ಮುಗಿಯುವವರೆಗಾದರೂ ಯಾರೂ ಕರೆಯದಿದ್ದರೆ ಸಾಕು ಅಂತ ದಿನಾ ಕೇಳಿಕೊಳ್ಳುತ್ತೇನೆ.

ಶಾರದಾ

*

ಕ್ಲಿಯರ್ ಲೇಕ್
ಏಪ್ರಿಲ್ 16, 2025

ಪ್ರೀತಿಯ ಶಾರದೆಗೆ,

ಕಾಗದ ಇದೆ. ವಿಮೆಯ ಫೈಲಿನಲ್ಲಿತ್ತು. ತಾರೀಖು ಮೇ 6, 2024. ಲಕೋಟೆಯ ಮೇಲೆ ಅಂಚೆ ಮುದ್ರೆ ಸ್ಪಷ್ಟವಾಗಿದೆ. ನೀನು ಬರೆದದ್ದು ಹೀಗೆ:

"ಶನಿವಾರ ಇಶಾಳ ಶಾಲೆಯ ಎಲೆಕ್ಷನ್ನಿಗೆ ಓಟು ಹಾಕಿ ಬಂದೆ. ಇಲ್ಲಿಯವರಿಗೆ ಒಂದು ವ್ಯವಸ್ಥೆ ಗೊತ್ತಿಲ್ಲ ಅಣ್ಣ. ಫಾರಂ ತುಂಬುವಾಗ ಸಿಟಿಜನ್ ಹೌದಾ ಅಂತ ಕೇಳಿ ಬರೆಸಿಕೊಂಡರು, ಬೂತಿಗೆ ಹೋದರೆ ಸಿಟಿಜನ್‌ಗೆ ಬೇರೆ ಸಾಲಿಲ್ಲ, ಒಂದು ಕುರ್ಚಿ ಕೂಡ ಇಲ್ಲ. ಹರೆಯದವರ ಜೊತೆ ಅರ್ಧ ಗಂಟೆ ನಿಂತೆ. ನಮ್ಮ ಹುಣಸೂರಿನ ಬೂತಿನಲ್ಲಿ ಹೀಗಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನಾ?"

ನಿನ್ನ ವಕೀಲೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಎಲ್ಲಿಂದ ತರುತ್ತಾರೆ? ಮೋಸ ಮಾಡುವವರು ಯಾರಾದರೂ ಕುರ್ಚಿ ಕೊಡಲಿಲ್ಲ ಅಂತ ದೂರು ಬರೆಯುತ್ತಾರಾ?

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಬೇರೆ. ಈ ಕಾಗದವನ್ನು ನಾನು ಹೋದ ಮೇ ತಿಂಗಳಿನಲ್ಲೇ ಓದಿದ್ದೇನೆ. ಕುರ್ಚಿಯ ವಿಷಯಕ್ಕೆ ನಕ್ಕು, ಕುಮುದಾಗೂ ಓದಿ ಹೇಳಿ, ಫೈಲಿಗೆ ಸೇರಿಸಿದ್ದೇನೆ. ಗ್ರೀನ್ ಕಾರ್ಡಿನ ತಂಗಿ ಓಟು ಹಾಕಿದೆ ಅಂತ ಬರೆದಿದ್ದಾಳೆ, ಇಷ್ಟು ವರ್ಷ ಇದೇ ವಿಷಯಕ್ಕೆ ಗಂಟಲು ಹರಿದುಕೊಂಡವನಿಗೆ ಅದು ಕಾಣಲಿಲ್ಲ. ಯಾಕೆಂದರೆ ನಾನೂ ಆ ಮಾತನ್ನು ನಿನ್ನ ಹಾಗೇ ಓದಿಕೊಂಡೆ. ನಲವತ್ತೇಳು ವರ್ಷ ಈ ದೇಶದಲ್ಲಿದ್ದರೂ ಕನ್ನಡದಲ್ಲಿ ಬರೆದ ಸಿಟಿಜನ್ ಕಂಡರೆ ನನಗೂ ನೆನಪಾಗುವುದು ಊರಿಗೆ ಬಂದಾಗ ನನ್ನನ್ನೂ ಹಾಗೇ ಕೇಳಿದ ಬಸ್ಸಿನ ಕಂಡಕ್ಟರು. ಆವತ್ತೇ ಗಮನಿಸಿ ಒಂದು ಮಾತು ಹೇಳಿದ್ದರೆ ಹೆಸರು ತೆಗೆಸಿ ಸುಮ್ಮನಾಗಬಹುದಿತ್ತು. ತಪ್ಪು ನಿನ್ನೊಬ್ಬಳದಲ್ಲ.

ಒಲೆಗೆ ಹಾಕು ಅಂದೆಯಲ್ಲ, ಅದನ್ನು ಕೇಳಿ ಕುಮುದಾ ನನಗಿಂತ ಮೊದಲು ಎದ್ದು ಕಾಗದವನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದಳು. "ಅವಳು ನಿಮ್ಮನ್ನ ಉಳಿಸ್ತಾಳೆ, ನೀವು ಅವಳನ್ನ ಉಳಿಸ್ತೀರಿ, ಇಬ್ರೂ ಮುಳುಗ್ತೀರಿ" ಅಂದಳು.

ಸುಹಾಸನಿಂದ ವಿಳಾಸ ತರಿಸಿಕೊಂಡು ವಕೀಲೆಗೆ ನಾನೇ ಈಮೇಲ್ ಮಾಡಿದೆ. ನನ್ನ ತಂಗಿ ನಿಮಗೆ ಇಲ್ಲ ಅಂದದ್ದು ನನಗಾಗಿ, ಕಾಗದ ನನ್ನಲ್ಲಿದೆ ಅಂತ ಬರೆದೆ. ಆಸ್ಟಿನ್ನಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಉತ್ತರ ಬರೆದರು: ನೀವು ಬಂದು ಸಾಕ್ಷಿ ಹೇಳಿದರೆ ಕಾಗದಕ್ಕೆ ಬೆಲೆ ಬರುತ್ತದೆ, ಆದರೆ ಮೊದಲ ಪ್ರಶ್ನೆಯೇ ಆ ವಿಡಿಯೊ ಆಗಿರುತ್ತದೆ, ನಿಮಗೆ ತೊಂದರೆಯಾಗಬಹುದು, ನಿಮಗೆ ಬೇರೆ ವಕೀಲರು ಬೇಕು. ಗೆಲ್ಲುತ್ತೇವೆ ಅಂತ ಅವರು ಎಲ್ಲೂ ಬರೆದಿಲ್ಲ. ನಾನೂ ನಿನಗೆ ಹಾಗೆ ಬರೆಯುವುದಿಲ್ಲ. ನನಗೂ ಭಯವಾಗುತ್ತಿದೆ, ನಿನಗಾಗಿಯೂ, ಈಗ ನನಗಾಗಿಯೂ.

ಸೋಮವಾರ ಹನ್ನೊಂದಕ್ಕೆ ಅವರ ಕಚೇರಿಗೆ ಬರುತ್ತೇವೆ. ಭಾನುವಾರ ಸಂಜೆ ನಿಮ್ಮ ಮನೆಗೆ ಬಂದು ಇಳಿಯುತ್ತೇವೆ, ಸುಹಾಸನಿಗೆ ಹೇಳು. ಕಾರಿನಲ್ಲಿ ಐದು ಗಂಟೆ, ಕುಮುದಾ ಪುಳಿಯೋಗರೆ ಕಟ್ಟುತ್ತಾಳಂತೆ. ಬೇಡ ಅನ್ನಬೇಡ, ನೀನು ಬೇಡ ಅಂದರೆ ನನಗೆ ಕೇಳಿಸುವುದಿಲ್ಲ.

ಸಮಿತಿಗೂ ಒಂದು ಕಾಗದ ಬರೆದಿಟ್ಟಿದ್ದೇನೆ. ನಿನ್ನನ್ನು ಕೇಳದೆ ಕಳಿಸುವುದಿಲ್ಲ. ಅದರಲ್ಲಿ ಎರಡೇ ಸಾಲು. ಮಾರ್ಚ್ 25ರಂದು ನಿಮ್ಮ ಸದಸ್ಯರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು. ನನಗೆ ಒಬ್ಬರು ಗೊತ್ತು, ಅವಳು ನನ್ನ ತಂಗಿ.

ಅಣ್ಣ